ಅಕ್ಷರ ತಿರುಗಿದರೇನು, ಎಲೆ ಸರಿಯಿದೆ

ಪ್ರಶ್ನೆ: ಯುಗಾದಿಗೆ ನೆಂಟರಿಗೆ ಕೊಡುವ ಕಾರ್ಡನ್ನು ನಾನೇ ಮುದ್ರಿಸೋಣವೆಂದು ಅಚ್ಚು ಕೆತ್ತುವ ಲಿನೋ ಹಾಳೆಯ ತುಂಡೊಂದನ್ನು ತರಿಸಿ, ಬೇವಿನ ಎಲೆ ಕೆತ್ತಿ, ಕೆಳಗೆ ‘ಯುಗಾದಿ’ ಎಂದು ಬರೆದು ಕೆತ್ತಿದೆ. ಮೂರು ಸಂಜೆ ಹಿಡಿಯಿತು. ಅಚ್ಚೊತ್ತಿದರೆ ಅಕ್ಷರ ಉಲ್ಟಾ! ಎಲೆಯ ತುಂಬ ಬಿಳಿ ಚುಕ್ಕೆ ಬೇರೆ. ಫ್ಯಾನಿನ ಕೆಳಗೆ ಕೂತು ನಿಧಾನವಾಗಿಯೇ ಮಾಡಿದ್ದೆ. ಚಾಣ ಜಾರಿ ಎಡಗೈ ಹೆಬ್ಬೆರಳೂ ಕೊಯ್ದಿದೆ. ಮೆಶಿನ್ ಇಲ್ಲದೆ ಮನೆಯಲ್ಲಿ ಇದು ಆಗದ ಕೆಲಸವೇ?
– ಗೃಹಿಣಿ, ಹಾವೇರಿ

ಉತ್ತರ: ಆಗುತ್ತದೆ ತಾಯಿ. ಮೊದಲು ಆ ಫ್ಯಾನ್ ಆರಿಸಿ. ನೀರಿನ ಶಾಯಿ ನಮ್ಮ ಮಾರ್ಚ್ ಸೆಕೆಯಲ್ಲಿ, ಅದೂ ಗಾಳಿಯ ಕೆಳಗೆ, ಕಾಗದ ಹಾಸುವಷ್ಟರಲ್ಲಿ ಒಣಗಿರುತ್ತದೆ. ಚುಕ್ಕೆಗಳು ಬಹುಮಟ್ಟಿಗೆ ಅಲ್ಲಿಂದಲೇ ಬಂದಿವೆ. ಶಾಯಿಯನ್ನು ಗಾಜಿನ ಮೇಲೆ ರೋಲರಿನಿಂದ ತೆಳ್ಳಗೆ ಹರಡಿ. ಹದ ಬಂದಾಗ ಕಾದ ಹಂಚಿಗೆ ನೀರು ಚಿಮುಕಿಸಿದಂಥ ಸಣ್ಣ ಚುರ್ ಸದ್ದು ಕೇಳುತ್ತದೆ. ಪಚಪಚ ಎಂದರೆ ಹೆಚ್ಚಾಯಿತು, ಗೆರೆಯೆಲ್ಲ ಮುಚ್ಚಿಹೋಗುತ್ತದೆ. ಅಚ್ಚಿನ ಮೇಲೆ ಒಂದೇ ಸಲ ದಪ್ಪಗೆ ಬಳಿಯದೆ ಮೂರ್ನಾಲ್ಕು ಸಲ ತೆಳುವಾಗಿ ಉರುಳಿಸಿ. ಮೆಶಿನ್ ಯಾಕೆ? ತೆಳು ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸುತ್ತುತ್ತ ಉಜ್ಜಿ. ಒಂದು ಮೂಲೆ ಎತ್ತಿ ಇಣುಕಿ ನೋಡಿ, ಮಸುಕಾಗಿದ್ದರೆ ಮತ್ತೆ ಮಲಗಿಸಿ ಉಜ್ಜಿದರಾಯಿತು.

ಇನ್ನು ಬೆರಳು. ಲಿನೋ ಎಂದರೆ ಗಟ್ಟಿಮಾಡಿದ ಅಗಸೆ ಎಣ್ಣೆಗೆ ಕಾರ್ಕ್ ಪುಡಿ ಬೆರೆಸಿ ಗೋಣಿಬಟ್ಟೆಯ ಮೇಲೆ ಹಚ್ಚಿದ್ದು. ನೆಲಕ್ಕೆ ಹಾಸಲೆಂದೇ ಹುಟ್ಟಿದ ಸಾಮಾನು. ನಾವು ಚಟ್ನಿಪುಡಿಗೆ ಹುರಿಯುತ್ತೇವಲ್ಲ, ಅದೇ ಅಗಸೆ. ತಣ್ಣಗಿದ್ದರೆ ಬಿರುಸಾಗಿ ಚಾಣವನ್ನು ಜಾರಿಸುತ್ತದೆ. ಕೆತ್ತುವ ಮೊದಲು ಹತ್ತು ನಿಮಿಷ ಬಿಸಿಲಿಗಿಟ್ಟರೆ ಬೆಣ್ಣೆಯಂತೆ ಬಿಡುತ್ತದೆ. ಲಿನೋ ಹಿಡಿದ ಕೈ ಯಾವಾಗಲೂ ಚಾಣದ ಹಿಂದಿರಲಿ, ಮುಂದೆ ಬೇಡ. ದುಂಡು ಗೆರೆ ಬಂದಾಗ ಮಣಿಕಟ್ಟು ತಿರುಗಿಸಬೇಡಿ, ಲಿನೋ ತುಂಡನ್ನೇ ತಿರುಗಿಸಿ. ಕನ್ನಡದ ಅಕ್ಷರಕ್ಕಂತೂ ಇದು ಬೇಕೇ ಬೇಕು, ನಮ್ಮಲ್ಲಿ ನೇರ ಗೆರೆ ಎಲ್ಲಿದೆ?

ಉಲ್ಟಾ ಅಕ್ಷರ ಎಲ್ಲರ ಮನೆಯಲ್ಲೂ ಒಮ್ಮೆ ಆಗುವಂಥದ್ದೇ. ಅಕ್ಕನ ಮದುವೆಗೆಂದು ನಾನು ‘ಸುಸ್ವಾಗತ’ ಕೆತ್ತಿ ಹದಿನೈದು ಹಾಳೆ ಒತ್ತಿ ಹಗ್ಗಕ್ಕೆ ನೇತುಹಾಕಿದ ಮೇಲೆ ಕಣ್ಣು ತೆರೆಯಿತು. ಅಜ್ಜಿ ಒಂದನ್ನು ಕಿಟಕಿಯ ಬೆಳಕಿಗೆ ಹಿಂದುಮುಂದಾಗಿ ಹಿಡಿದು, ‘ಈ ಕಡಿಂದ ಓದಿದ್ರ ಬರೋಬರಿ ಐತಲ್ಲೊ!’ ಅಂದಿದ್ದಳು. ಉಪಾಯ ಸುಲಭ: ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ನೇರವಾಗಿಯೇ ಬರೆಯಿರಿ, ಬರೆದ ಮುಖವನ್ನು ಲಿನೋ ಮೇಲೆ ಬೋರಲು ಹಾಕಿ ಚಮಚದಿಂದ ಉಜ್ಜಿ. ಲಿನೋ ಮೇಲೆ ತಾನಾಗಿ ತಿರುಗಿ ಮೂಡುತ್ತದೆ. ಕೆತ್ತುವ ಮೊದಲು ಕನ್ನಡಿ ಹಿಡಿದು ಓದಿಕೊಳ್ಳಿ.

ಅಕ್ಷರವನ್ನು ಉಳಿಸಿ ಸುತ್ತಲೆಲ್ಲ ತೆಗೆಯುವ ಕಷ್ಟವೂ ಬೇಡ. ಅಕ್ಷರವನ್ನೇ ತೋಡಿ, ಕಪ್ಪಿನಲ್ಲಿ ಬಿಳಿಯಾಗಿ ಬರುತ್ತದೆ. ಬಂಗಾಳದ ಚಿತ್ರಕಾರ ನಂದಲಾಲ್ ಬೋಸ್ 1930ರಲ್ಲಿ ಕೆತ್ತಿದ, ಕೋಲು ಹಿಡಿದು ನಡೆಯುವ ಗಾಂಧೀಜಿಯ ಲಿನೋ ಚಿತ್ರ ನೋಡಿದ್ದೀರಲ್ಲ? ಇಡೀ ಕಪ್ಪಿನಲ್ಲಿ ಕೆಲವೇ ಬಿಳಿ ಗೆರೆ. ಎಷ್ಟು ಕಡಿಮೆ ಕೆತ್ತಿದ್ದಾರೆ ಎಂಬುದನ್ನು ಗಮನಿಸಿ.

ಈಗಿನ ಅಚ್ಚನ್ನು ಎಸೆಯಬೇಡಿ. ಅಕ್ಷರದ ಪಟ್ಟಿಯನ್ನು ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಬೇವಿನ ಎಲೆಗೆ ಎಡಬಲ ಯಾವುದು? ಎಲೆ ಒತ್ತಿ, ‘ಯುಗಾದಿ’ಯನ್ನು ಕುಂಚದಿಂದ ಬರೆದುಬಿಡಿ.

ಪ್ರಶ್ನೆ: ಲಿನೋ ಅಚ್ಚನ್ನು ಹತ್ತಿ ಕರವಸ್ತ್ರದ ಮೇಲೆ ಒತ್ತಿದೆ. ಮೊದಲ ಒಗೆತಕ್ಕೇ ಹೋಯಿತು!
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕಾಗದದ ನೀರಿನ ಶಾಯಿ ಬಳಸಿದ್ದೀರಿ, ಹೋಗದೆ ಇನ್ನೇನು? ಬಟ್ಟೆಯ ಬಣ್ಣವೇ ಬೇಕು. ಹೊಸ ಬಟ್ಟೆಯ ಗಂಜಿ ಹೋಗುವಂತೆ ಮೊದಲು ಒಗೆದು ಒಣಗಿಸಿ. ಒತ್ತುವಾಗ ಕೆಳಗೆ ಮಡಿಸಿದ ಕಂಬಳಿ ಇರಲಿ. ಒಂದು ದಿನ ಆರಲು ಬಿಟ್ಟು ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಿ.