ಹಿಡಿಂಬೆಯ ಗುಡಿ ಬಗ್ಗೆ ಬರೆದವರಿಗೆ

ನಮಸ್ಕಾರ.

ಮನಾಲಿಯ ಹಿಡಿಂಬೆ ಗುಡಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ವಿಮಾನ, ಬಸ್ಸು, ಹೋಟೆಲ್, ಚಳಿಯಲ್ಲೇ ಮುಗಿದಿವೆ. ಅದೆಲ್ಲ ಬೇಡ. ಗುಡಿ ಬರುವುದು ಮೂರನೇ ಪುಟದಲ್ಲಿ. ಅಲ್ಲೂ ‘ಪ್ರಕೃತಿಯ ಮಡಿಲಲ್ಲಿ ನೆಲೆಸಿದ ಭವ್ಯ ದೇಗುಲ’ ಅಂತ ಒಂದೇ ಸಾಲು. ಇದನ್ನು ಯಾವ ಬೆಟ್ಟದ ಗುಡಿಗೆ ಬೇಕಾದರೂ ಬರೆಯಬಹುದು. ಕಣ್ಣಿಗೆ ಬಿದ್ದದ್ದನ್ನು ಹೇಳಿ. ಢುಂಗ್ರಿಯ ದೇವದಾರು ಕಾಡಿನ ನಡುವೆ ಒಂದರ ಮೇಲೊಂದು ನಾಲ್ಕು ಚಾವಣಿ, 1553ರಲ್ಲಿ ಕುಲ್ಲುವಿನ ರಾಜಾ ಬಹಾದುರ್ ಸಿಂಗ್ ಕಟ್ಟಿಸಿದ್ದು. ಬಾಗಿಲ ಸುತ್ತ ಮರದ ಕೆತ್ತನೆ, ಹೊರಗೋಡೆಗೆ ಪ್ರಾಣಿಗಳ ಕೊಂಬು. ತಲೆ ಬಗ್ಗಿಸಿ ಒಳಗೆ ಹೋದರೆ ಎದುರಾಗುವುದು ದೊಡ್ಡ ಬಂಡೆ. ಅಲ್ಲೇ ದೇವಿಯ ಪಾದದ ಗುರುತಿಗೆ ಪೂಜೆ. ಆ ಬಂಡೆಯ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ‘ಭೀಮನ ಹೆಂಡತಿಯಾದ ರಾಕ್ಷಸಿಯ ಗುಡಿ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ನಮ್ಮ ಓದುಗರ ಮಟ್ಟಿಗೆ ಹಿಡಿಂಬೆ ಮಹಾಭಾರತದ ಕಥೆಯಲ್ಲಿ ಸ್ವಲ್ಪ ಹೊತ್ತು ಬಂದು ಹೋಗುವವಳು. ಘಟೋತ್ಕಚ ಹುಟ್ಟುತ್ತಾನೆ, ಪಾಂಡವರು ಹೊರಟುಬಿಡುತ್ತಾರೆ, ಕಥೆಯೂ ಅವರ ಜೊತೆ ನಡೆದುಬಿಡುತ್ತದೆ. ಕಾಡಲ್ಲೇ ಉಳಿದವಳ ಕೈ ಬಿಡದವರು ಮನಾಲಿ ಇರುವ ಕುಲ್ಲು ಕಣಿವೆಯ ಜನ. ಅಲ್ಲಿನ ರಾಜಮನೆತನಕ್ಕೆ ಅವಳು ಅಜ್ಜಿ. ತಮ್ಮ ಮೊದಲ ರಾಜನಿಗೆ ರಾಜ್ಯ ಕೊಟ್ಟವಳೇ ಅವಳು ಅನ್ನುವುದು ಅವರ ನಂಬಿಕೆ.

ಮೈಸೂರು ದಸರಾ ವಿಜಯದಶಮಿಗೆ ಮುಗಿಯುತ್ತದೆ. ಕುಲ್ಲು ದಸರಾ ಶುರುವಾಗುವುದೇ ಅವತ್ತು, ಏಳು ದಿನ ನಡೆಯುತ್ತದೆ. ಮನಾಲಿಯಿಂದ ಹಿಡಿಂಬೆಯನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಅವಳು ಬರುವ ತನಕ ರಘುನಾಥನ ತೇರು ಹೊರಡುವ ಹಾಗಿಲ್ಲ. ರಾಮನ ತೇರು ರಾಕ್ಷಸ ಕುಲದ ಹೆಣ್ಣಿಗಾಗಿ ಕಾಯುತ್ತದೆ! ಬರೆಯಬೇಕಾದದ್ದು ಇದನ್ನೇ ಅಲ್ವಾ? ಅಲ್ಲಿಯವರು ಅವಳಲ್ಲಿ ಏನು ಬೇಡಿಕೊಳ್ಳುತ್ತಾರೆ, ಅವಳು ಮೈಮೇಲೆ ಬರುವ ‘ಗುರ್’ ಊರಿಗೆ ಏನು ಹೇಳುತ್ತಾನೆ ಅಂತ ಕೇಳಿದ್ದೀರಾ? ಕೇಳಿದ್ದರೆ ಅವರ ಮಾತಲ್ಲೇ ಬರೆಯಿರಿ.

ಕೊನೆಯಲ್ಲಿರುವ ‘ವೈಜ್ಞಾನಿಕ ಮಹತ್ವ’ ಭಾಗವನ್ನು ಪೂರ್ತಿ ತೆಗೆಯಿರಿ. ಬೆಟ್ಟದ ಕಂಪನ, ಶಕ್ತಿಯ ಅಲೆ ಅಂತ ಸುಮ್ನೆ ಬರೆದರೆ ನಾವು ಹಾಕುವುದಿಲ್ಲ. ಆ ದೇವಿಗೆ ಅದು ಬೇಕಾಗಿಯೂ ಇಲ್ಲ.

ಗುಡಿಯಿಂದ ಸ್ವಲ್ಪ ದೂರದಲ್ಲಿ ಒಂದು ಮರದ ಬುಡದಲ್ಲೇ ಘಟೋತ್ಕಚನಿಗೆ ಪೂಜೆ ನಡೆಯುತ್ತದೆ. ಅದನ್ನು ನೋಡಿದ್ದರೆ ಸೇರಿಸಿ. 800 ಪದ ಮೀರದ ಹಾಗೆ ಬರೆದು ಮತ್ತೆ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ