ಸೊಂಟದ ಮೂಳೆಯ ಬಿರುಕು ಕೂಡಿದ ಮೇಲೂ ನೋವೇಕೆ?

ಪ್ರಶ್ನೆ: ನನಗೆ 36 ವರ್ಷ, ದೂರದ ಓಟದ ಅಭ್ಯಾಸವಿತ್ತು. ಎರಡು ವರ್ಷಗಳ ಹಿಂದೆ ಬಲ ತೊಡೆಸಂದಿನಲ್ಲಿ ನೋವು ಶುರುವಾಯಿತು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ತೊಡೆಮೂಳೆಯ ಕತ್ತಿನ (ಸೊಂಟದ ಕೀಲಿನೊಳಗೆ ಕೂರುವ ಗುಂಡು ತುದಿಯ ಕೆಳಗಿನ ಸಪೂರ ಭಾಗದ) ಕೆಳಬದಿಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬೀಳುವ ಒತ್ತಡದಿಂದ ಮೂಳೆಯಲ್ಲಾಗುವ ಸಣ್ಣ ಬಿರುಕು, ಇದೆಯೆಂದು ತಿಳಿಯಿತು. ಶಸ್ತ್ರಚಿಕಿತ್ಸೆಯಿಲ್ಲದೆ, ಊರುಗೋಲಿನ ನೆರವಿನಲ್ಲಿ ಗುಣವಾಯಿತು. ಆದರೂ ಹೆಚ್ಚು ನಡೆದ ದಿನ ಸೊಂಟದ ಹೊರಬದಿಯಲ್ಲಿ ಮಂದವಾಗಿ ನೋಯುತ್ತದೆ. ಮುಂದೆ ಕೀಲು ಸವೆದು ಬದಲಿ ಕೀಲು ಹಾಕಿಸಬೇಕಾದೀತೇ? ಮತ್ತೆ ಓಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು 'ಕೆಳಬದಿ' ಎಂಬುದು. ದೇಹದ ಭಾರ ಬಿದ್ದಾಗ ತೊಡೆಮೂಳೆಯ ಕತ್ತಿನ ಕೆಳ ಒಳಬದಿಯಲ್ಲಿ ಮೂಳೆ ಒತ್ತಿಕೊಳ್ಳುತ್ತದೆ, ಮೇಲಿನ ಹೊರಬದಿಯಲ್ಲಿ ಎಳೆದುಕೊಳ್ಳುತ್ತದೆ. ಹಾಗಾಗಿ ಕೆಳಬದಿಯ ಬಿರುಕಿನ ಅಂಚುಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ, ಕಾಲಿಗೆ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತವೆ; ಮೇಲ್ಬದಿಯ ಬಿರುಕು ಬಾಯಿ ಬಿಡುತ್ತಾ ಹೋಗುವ ಸ್ವಭಾವದ್ದಾದ್ದರಿಂದ ಅದಕ್ಕೆ ಹೆಚ್ಚಾಗಿ ಸ್ಕ್ರೂ ಹಾಕಿ ಭದ್ರಪಡಿಸುತ್ತಾರೆ. ದೀರ್ಘಕಾಲದ ದೊಡ್ಡ ತೊಂದರೆಗಳು ಬರುವುದು ಬಹುಮಟ್ಟಿಗೆ ಮೂಳೆ ಜರುಗಿದಾಗ. ತೊಡೆಮೂಳೆಯ ಗುಂಡು ತುದಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಕತ್ತಿಗೆ ಅಂಟಿಕೊಂಡೇ ಮೇಲೇರುತ್ತವೆ. ಮೂಳೆ ಜರುಗಿದರೆ ಅವು ಹರಿದು, ರಕ್ತವಿಲ್ಲದೆ ಗುಂಡಿನ ಭಾಗ ಸತ್ತು, ಕಾಲಕ್ರಮದಲ್ಲಿ ಕುಸಿದು, ಆಗ ಕೀಲೂ ಕೆಡುತ್ತದೆ. ನಿಮಗೆ ಹಾಗಾಗಿಲ್ಲ. ಕೀಲಿನ ಮೃದ್ವಸ್ಥಿ (ಮೂಳೆಯ ತುದಿಯನ್ನು ಮುಚ್ಚುವ ನುಣುಪಾದ ಪದರ) ಇರುವುದು ಗುಂಡಿನ ಮೇಲೆ, ನಿಮ್ಮ ಬಿರುಕು ಇದ್ದದ್ದು ಕತ್ತಿನಲ್ಲಿ. ಆದ್ದರಿಂದ ಜರುಗದೆ ಕೂಡಿಕೊಂಡ ಇಂಥ ಬಿರುಕೊಂದರಿಂದಲೇ ಬದಲಿ ಕೀಲಿನವರೆಗೆ ಹೋಗಬೇಕಾದೀತೆಂದು ಈಗಲೇ ಹೆದರಲು ಕಾರಣ ಕಾಣುವುದಿಲ್ಲ.

ಹಾಗಾದರೆ ಈ ನೋವು ಎಲ್ಲಿಯದು? ಪರೀಕ್ಷಿಸದೆ ಖಚಿತವಾಗಿ ಹೇಳಲಾಗದಿದ್ದರೂ, ಹೊರಬದಿಯ ನೋವು ಹೆಚ್ಚಾಗಿ ಪೃಷ್ಠದ ಪಕ್ಕದ ಸ್ನಾಯುಗಳದ್ದು ಮತ್ತು ಅವುಗಳನ್ನು ಮೂಳೆಗೆ ಜೋಡಿಸುವ ಹುರಿಗಳಾದ ಕಂಡರಗಳದ್ದು. ವಾರಗಟ್ಟಲೆ ಭಾರ ಹೊರದ ಕಾಲಿನಲ್ಲಿ ಈ ಸ್ನಾಯುಗಳು ಸೊರಗುತ್ತವೆ. ಮೂಳೆ ಕೂಡಿದ ಮಾತ್ರಕ್ಕೆ ಅವುಗಳ ಬಲ ಮರಳುವುದಿಲ್ಲ. ಕನ್ನಡಿಯ ಮುಂದೆ ಬಲಗಾಲೊಂದರ ಮೇಲೆ ಅರ್ಧ ನಿಮಿಷ ನಿಂತು, ಎರಡೂ ಕೈಗಳನ್ನು ಸೊಂಟದ ಎಲುಬಿನ ಮೇಲಿಟ್ಟು ನೋಡಿ. ಎಡಗೈ ಮೆಲ್ಲಗೆ ಕೆಳಗಿಳಿದರೆ, ಅಥವಾ ಅದು ಇಳಿಯದಂತೆ ಮುಂಡವೇ ಬಲಕ್ಕೆ ವಾಲಿದರೆ, ಬಲಬದಿಯ ಸ್ನಾಯುಗಳು ಸೋಲುತ್ತಿವೆ ಎಂದು ಅರ್ಥ. ಫಿಸಿಯೋಥೆರಪಿಸ್ಟ್ ಒಬ್ಬರ ಮಾರ್ಗದರ್ಶನದಲ್ಲಿ, ಕ್ರಮೇಣ ಭಾರ ಹೆಚ್ಚಿಸುತ್ತಾ ಕೆಲವು ತಿಂಗಳು ವ್ಯಾಯಾಮ ಮಾಡಿದರೆ ಇದು ಸಾಕಷ್ಟು ಸುಧಾರಿಸುತ್ತದೆ.

ನೀವು ಬರೆಯದೇ ಬಿಟ್ಟ ವಿಷಯವೊಂದಿದೆ: ಬಿರುಕು ಬಿಟ್ಟದ್ದು ಏಕೆ? ಓಟಗಾರರು ಬೂಟಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಊಟದ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ಓಟದ ದೂರವನ್ನು ಒಮ್ಮೆಲೇ ಹೆಚ್ಚಿಸಿದ್ದು ಒಂದು ಕಾರಣವಿರಬಹುದು; ಆದರೆ ವ್ಯಾಯಾಮಕ್ಕೆ ತಕ್ಕಷ್ಟು ಆಹಾರ ಸೇವಿಸದಿದ್ದರೆ ಹಾರ್ಮೋನುಗಳು ಏರುಪೇರಾಗಿ, ಮುಟ್ಟು ತಪ್ಪಿ, ಮೂಳೆ ತೆಳುವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು, ಪುರುಷರಲ್ಲಿಯೂ ಇದು ಉಂಟಾಗುತ್ತದೆ ಎಂದು ಸ್ಪಷ್ಟಪಡಿಸಿದರು. ಒಮ್ಮೆ ಸ್ಟ್ರೆಸ್ ಫ್ರ್ಯಾಕ್ಚರ್ ಆದವರಿಗೆ ಮತ್ತೊಂದಾಗುವ ಸಂಭವ ಉಳಿದವರಿಗಿಂತ ಹೆಚ್ಚು. ನನ್ನ ದೃಷ್ಟಿಯಲ್ಲಿ, ನಿಮ್ಮ ಪ್ರಕರಣದ ನಿಜವಾದ ದೀರ್ಘಕಾಲದ ಪರಿಣಾಮ ಇದೇ. ವಿಟಮಿನ್ ಡಿ ಪ್ರಮಾಣವನ್ನೂ, ಡೆಕ್ಸಾ ಸ್ಕ್ಯಾನ್ ಮೂಲಕ ಮೂಳೆಯ ಸಾಂದ್ರತೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದನ್ನು ಓಟದ ಸಹಜ ಫಲವೆಂದು ತಳ್ಳಿಹಾಕದೆ ತಿಳಿಸಿ.

ಓಡಬಹುದು. ಚುರುಕಾದ ನಡಿಗೆ ಮತ್ತು ಒಂಟಿಗಾಲಿನ ವ್ಯಾಯಾಮಗಳು ನೋವಿಲ್ಲದೆ ಸಾಧ್ಯವಾದ ಬಳಿಕ, ದಿನ ಬಿಟ್ಟು ದಿನ, ನಡಿಗೆಯ ನಡುವೆ ಸ್ವಲ್ಪ ಸ್ವಲ್ಪ ಓಟ ಸೇರಿಸಿಕೊಂಡು ಆರಂಭಿಸಿ. ನೋವು ತೊಡೆಸಂದಿಗೆ ಬಂದರೆ, ರಾತ್ರಿ ಮಲಗಿದಾಗಲೂ ಕಾಡಿದರೆ, ಅಥವಾ ಪಾದವನ್ನು ಒಳಕ್ಕೆ ತಿರುಗಿಸಿದಾಗ ಚುಚ್ಚಿದಂತಾದರೆ ಓಟ ನಿಲ್ಲಿಸಿ, ಆ ಕಾಲಿಗೆ ಭಾರ ಹಾಕದೆ ಕೂಡಲೇ ಮೂಳೆತಜ್ಞರನ್ನು ಕಾಣಿ. ನೋವಿನ ಮಾತ್ರೆ ನುಂಗಿ ಓಡುವುದು ಅತ್ಯಂತ ಅಪಾಯಕಾರಿ. ಜರುಗದ ಬಿರುಕು ಜರುಗುವುದು ಹೀಗೆಯೇ.

ಪ್ರಶ್ನೆ: ನನಗೆ ಇದೇ ಜಾಗದ ಮೇಲ್ಬದಿಯ ಬಿರುಕಿಗೆ ಮೂರು ಸ್ಕ್ರೂ ಹಾಕಿದ್ದಾರೆ. ತೆಗೆಸಲೇಬೇಕೇ?

ಉತ್ತರ: ತೊಂದರೆ ಕೊಡದ ಸ್ಕ್ರೂಗಳನ್ನು ಹಾಗೆಯೇ ಬಿಡಬಹುದು. ಮಗ್ಗುಲಾಗಿ ಮಲಗಿದಾಗ ಅವುಗಳ ತಲೆ ಒತ್ತಿ ನೋಯುತ್ತಿದ್ದರೆ ತೆಗೆಸುವ ವಿಚಾರ ಮಾಡಬಹುದು. ಆದರೆ ತೆಗೆದ ಮೇಲೆ ಉಳಿಯುವ ರಂಧ್ರಗಳು ತುಂಬುವವರೆಗೆ ಮೂಳೆ ದುರ್ಬಲವಾಗಿರುವುದರಿಂದ ಕೆಲಕಾಲ ಓಟ, ಜಿಗಿತ ಸಲ್ಲದು. ತೊಡೆಮೂಳೆಯ ಗುಂಡು ತುದಿಗೆ ರಕ್ತ ಕಡಿಮೆಯಾದ ಲಕ್ಷಣಗಳು ತಿಂಗಳುಗಳ ನಂತರ, ಕೆಲವರಲ್ಲಿ ವರ್ಷಗಳ ನಂತರವೂ ಕಾಣಿಸಿಕೊಳ್ಳುತ್ತವೆಯಾದ್ದರಿಂದ, ವೈದ್ಯರು ಹೇಳಿದ ಮರುಪರೀಕ್ಷೆಗಳನ್ನು ನೋವಿಲ್ಲವೆಂಬ ಕಾರಣಕ್ಕೆ ತಪ್ಪಿಸಬೇಡಿ.