ಗುಟ್ಟು ಯಾರ ಯಾರಿಗೆ ಗೊತ್ತಿತ್ತು? ಒಂದು ಹಸ್ತಪ್ರತಿಗೆ ಉತ್ತರ

ನಮಸ್ಕಾರ ಮೇಡಂ,

ನಿಮ್ಮ ಕಾದಂಬರಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಇದನ್ನು ಬದಿಗಿಟ್ಟು ಬೇರೆ ಏನಾದರೂ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ತಿದ್ದಿದರೆ ಇದು ಒಳ್ಳೆಯ ಪುಸ್ತಕ ಆಗುತ್ತದೆ ಅಂತ ನನಗೆ ನಿಜವಾಗಿಯೂ ಅನಿಸಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಥೆ ಇಷ್ಟು. 2021ರಲ್ಲಿ, ಮದ್ದೂರು ಹತ್ತಿರದ ಒಂದು ಹಳ್ಳಿಯಲ್ಲಿ, ನಿವೃತ್ತ ಸರ್ಕಾರಿ ಶಾಲೆ ಮೇಷ್ಟ್ರು ತೀರಿಕೊಳ್ಳುತ್ತಾರೆ. ಬೆಂಗಳೂರಿನಿಂದ ಬಂದ ಮಗಳಿಗೆ ಅಪ್ಪನ ಟ್ರಂಕಿನಲ್ಲಿ ಪತ್ರಗಳ ಕಟ್ಟು ಸಿಗುತ್ತದೆ. ಹಾಸನದಲ್ಲಿ ಅಪ್ಪನಿಗೆ ಇನ್ನೊಂದು ಸಂಸಾರ ಇತ್ತು, ಅಲ್ಲಿ ಒಬ್ಬ ಮಗನೂ ಇದ್ದಾನೆ ಅಂತ ಗೊತ್ತಾಗುತ್ತದೆ. ಇತ್ತ ಮದುವೆಯಾಗಿರುವ ಮಗಳಿಗೂ ಆಫೀಸಿನಲ್ಲಿ ಒಬ್ಬರ ಜೊತೆ ಸಂಬಂಧ ಇದೆ. ಕೊನೆಯಲ್ಲಿ ಅವಳು ಪತ್ರಗಳನ್ನು ಹೊಳೆಗೆ ಬಿಡುತ್ತಾಳೆ, ಅಮ್ಮನಿಗೆ ಏನೂ ಹೇಳುವುದಿಲ್ಲ.

ನನ್ನ ದೊಡ್ಡ ತಕರಾರು ಇಲ್ಲೇ ಇರುವುದು. ಅಮ್ಮನಿಗೆ ಗೊತ್ತೇ ಇರಲಿಲ್ವಾ? ಗಂಡ ವರ್ಷಗಟ್ಟಲೆ ಶನಿವಾರ ಮಧ್ಯಾಹ್ನ ಚೀಲ ಹಿಡಿದು ಬಸ್ ಹತ್ತುತ್ತಾನೆ, ಸೋಮವಾರ ನೇರವಾಗಿ ಶಾಲೆಗೆ ಹೋಗುತ್ತಾನೆ, ಯಾರು ಯಾವ ಬಸ್ಸಿಗೆ ಹೋದರು ಅಂತ ಸಂಜೆಯೊಳಗೆ ಊರಿಗೆಲ್ಲ ತಿಳಿಯುವಂಥ ಹಳ್ಳಿ ಅದು, ಹೀಗಿದ್ದೂ ಮನೆಯೊಳಗಿನ ಒಬ್ಬರಿಗೂ ಸುಳಿವಿಲ್ಲ ಅಂದರೆ ನಾನು ನಂಬುವುದಿಲ್ಲ. ಮಗಳು ಪತ್ತೆ ಹಚ್ಚಲಿ ಅಂತ ನೀವು ಉಳಿದವರೆಲ್ಲರ ಕಣ್ಣು ಕಟ್ಟಿದ್ದೀರಿ. ಅಮ್ಮ, ಅಜ್ಜಿ, ಚಿಕ್ಕಪ್ಪ ಮೂವರೂ ಅದರಿಂದ ಬಡವಾಗಿದ್ದಾರೆ. ಅಪ್ಪ ಏನು ಮಾಡಿದ ಅನ್ನುವುದು ನನಗೆ ಹತ್ತು ಪುಟಕ್ಕೇ ಸಾಕು. ಯಾರಿಗೆ ಯಾವಾಗಿನಿಂದ ಗೊತ್ತಿತ್ತು, ಸುಮ್ಮನಿದ್ದು ಅವರು ಏನು ಉಳಿಸಿಕೊಂಡರು, ಅದು ನನಗೆ ಬೇಕು. ಕಾದಂಬರಿ ಇರುವುದು ಅಲ್ಲಿ.

ಇದು ನಿಮಗೆ ಒಳಗೊಳಗೆ ಗೊತ್ತಿದೆ ಅನ್ನುವುದಕ್ಕೆ ನಿಮ್ಮ ಬರಹದಲ್ಲೇ ಸಾಕ್ಷಿ ಇದೆ. ತಿಥಿ ದಿನ ಎಡೆಗೆ ಏನೇನು ಇಡಬೇಕು ಅಂತ ಮಾತು ಬರುತ್ತದೆ. ಚಿಕ್ಕಪ್ಪ "ಅಣ್ಣಂಗೆ ಮೀನು ಸಾರು ಅಂದ್ರೆ ಪ್ರಾಣ" ಅನ್ನುತ್ತಾನೆ. ಅಮ್ಮ ಕಾಯಿ ತುರಿಯುತ್ತಲೇ "ನಮ್ಮನೇಲಿ ಅವರು ಮೀನು ಮುಟ್ಟಿದವರಲ್ಲ" ಅನ್ನುತ್ತಾಳೆ. ಮೇಡಂ, ಅದನ್ನು ಓದಿ ನಾನು ಎದ್ದು ಕೂತೆ. ಚಿಕ್ಕಪ್ಪ ಹಾಸನದ ಆ ಮನೆಯಲ್ಲಿ ಅಣ್ಣನ ಪಕ್ಕ ಕೂತು ಉಂಡಿದ್ದಾನೆ. ಅದು ಅಮ್ಮನಿಗೆ ಅರ್ಥವಾಗಿದೆ. ಅಮ್ಮನಿಗೆ ಅರ್ಥವಾಯಿತು ಅಂತ ಅವನಿಗೂ ಗೊತ್ತಾಗಿದೆ. ಆದರೆ ನೀವು ಮುಂದಿನ ಸಾಲಿನಲ್ಲೇ ಮಗಳನ್ನು ಅಟ್ಟಕ್ಕೆ ಹತ್ತಿಸಿ ಟ್ರಂಕ್ ತೆಗೆಸಿದ್ದೀರಿ! ಆ ಅಡುಗೆಮನೆಯಲ್ಲೇ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು. ಎಡೆಗೆ ಕೊನೆಗೆ ಮೀನು ಇಟ್ಟರಾ ಇಲ್ವಾ? ಇಟ್ಟರೆ ಮಾಡಿದ್ದು ಯಾರು?

ಟ್ರಂಕನ್ನು ಪೂರ್ತಿ ತೆಗೆದುಹಾಕಿ. ಸತ್ತವರ ಪತ್ರ, ಡೈರಿ, ಹಳೇ ಫೋಟೋ, ಇವು ನನ್ನ ಬಳಿ ಬರುವ ಹಸ್ತಪ್ರತಿಗಳಲ್ಲಿ ಪದೇ ಪದೇ ಸಿಗುತ್ತವೆ. ನಮ್ಮ ಕಡೆ ಇಂಥ ವಿಷಯ ಹೊರಬೀಳುವುದು ಕಾಗದಪತ್ರ ಮಾಡಿಸುವಾಗ. ಜಮೀನು ಅಪ್ಪನ ಹೆಸರಿನಲ್ಲಿದೆ, ಪೌತಿ ಖಾತೆ ಆಗಬೇಕು, ಅಂದರೆ ಅದು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ವಾರಸುದಾರರು ಯಾರು ಯಾರು ಅಂತ ತೋರಿಸುವ ವಂಶವೃಕ್ಷ ಬೇಕು, ಅದಕ್ಕೆ ಅಫಿಡವಿಟ್ ಬೇಕು. ಗ್ರಾಮಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ) ಜಗಲಿಯ ಮೇಲೆ ಕೂತು "ಮೃತರಿಗೆ ಎಷ್ಟು ಜನ ಮಕ್ಕಳು?" ಅಂತ ಕೇಳುತ್ತಾರೆ. ಪಕ್ಕದ ಮನೆಯವರು ಸಾಕ್ಷಿಗೆ ನಿಂತಿದ್ದಾರೆ, ಅವರಿಗೂ ಗೊತ್ತು. ಅಮ್ಮ ಏನು ಹೇಳುತ್ತಾಳೆ? ಒಬ್ಬಳು ಅಂದರೆ ಸುಳ್ಳು ಪ್ರಮಾಣ. ಇಬ್ಬರು ಅಂದರೆ ಇಷ್ಟು ವರ್ಷದ ಮೌನ ಒಂದೇ ಮಾತಿಗೆ ಒಡೆಯುತ್ತದೆ. ಈ ದೃಶ್ಯವನ್ನು ನೀವು ಬರೆದೇ ಇಲ್ಲ.

ಇನ್ನೊಂದು ವಿಷಯ ನೀವು ತೀರ್ಮಾನ ಮಾಡಬೇಕು. ಮೇಷ್ಟ್ರು ಹಾಸನದವಳಿಗೆ ತಾಳಿ ಕಟ್ಟಿದ್ದರಾ? ಹಸ್ತಪ್ರತಿಯಲ್ಲಿ ಅದು ಸ್ಪಷ್ಟವಿಲ್ಲ. ಹೆಂಡತಿ ಬದುಕಿರುವಾಗ ಮಾಡಿಕೊಂಡ ಎರಡನೇ ಮದುವೆ 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆಯೇ ಅಲ್ಲ. ಸರ್ಕಾರಿ ನೌಕರನಾದರೆ ಕೆಲಸಕ್ಕೂ ಕುತ್ತು, ಮುಚ್ಚಿಡಲು ಅದೇ ದೊಡ್ಡ ಕಾರಣ. ಆದರೆ ಆ ಮಗನ ಸ್ಥಿತಿ ಬೇರೆ. 2023ರ ಸೆಪ್ಟೆಂಬರ್ 1ರಂದು, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇಂಥ ಅಸಿಂಧು ಮದುವೆಯ ಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನೊಳಗೆ ಹಕ್ಕಿದೆ ಅಂತ ಹೇಳಿತು. ಕಥೆಯನ್ನು ಎರಡು ಮೂರು ವರ್ಷ ಮುಂದಕ್ಕೆ ತನ್ನಿ. ಆಗ ಒಂದು ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದು ನಿಜವೋ ಸುಳ್ಳೋ ಅನ್ನುವುದರ ಮೇಲೆ ಕಬ್ಬಿನ ಗದ್ದೆಯ ಪಾಲು ನಿಲ್ಲುತ್ತದೆ. ಅದನ್ನು ಕಣ್ಣಾರೆ ಕಂಡವನು ಚಿಕ್ಕಪ್ಪ. ಅವನು ಬಾಯಿ ಬಿಡುತ್ತಾನಾ?

ಇನ್ನು ಮಗಳ ಕಥೆ. ಅಳಿಯ ವಕೀಲರ ಬಳಿ ಹೋಗಿ ಆ ಸಹೋದ್ಯೋಗಿಯ ಮೇಲೆ 497 ಕೇಸ್, ಅಂದರೆ ವ್ಯಭಿಚಾರದ ಕೇಸ್, ಹಾಕಿಸಿ ಜೈಲಿಗೆ ಕಳಿಸುತ್ತೇನೆ ಅನ್ನುತ್ತಾನೆ, ವಕೀಲರೂ ಹೂಂ ಅನ್ನುತ್ತಾರೆ. ಆ ಕಲಂ ಅನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದೇ ರದ್ದು ಮಾಡಿದೆ. ವಿಚ್ಛೇದನಕ್ಕೆ ವ್ಯಭಿಚಾರ ಈಗಲೂ ಕಾರಣ ಆಗುತ್ತದೆ, ಅಪರಾಧ ಮಾತ್ರ ಅಲ್ಲ. ಇದು ಸಣ್ಣ ತಪ್ಪು, ತಿದ್ದಬಹುದು.

ತಿದ್ದುವುದು ಕಷ್ಟವಾದದ್ದು ಇನ್ನೊಂದಿದೆ. ಅಳಿಯ ಕುಡಿಯುತ್ತಾನೆ, ಹೊಡೆಯುತ್ತಾನೆ. ಯಾಕೆ? ಮಗಳನ್ನು ಓದುಗರು ಕ್ಷಮಿಸಲಿ ಅಂತ. ಅವಳ ಬಗ್ಗೆ ನಿಮಗೇ ಭಯ ಇದೆ. ಹೊಡೆಯುವ ಗಂಡನ ಕಥೆ ಬರೆಯಲೇಬೇಕಾದದ್ದು, ಆದರೆ ಅದು ಬೇರೆಯೇ ಪುಸ್ತಕ. ಇಲ್ಲಿ ಅಳಿಯ ಒಳ್ಳೆಯವನಾಗಿರಲಿ. ಮಾವನ ಹೆಣಕ್ಕೆ ಹೆಗಲು ಕೊಟ್ಟವನು, ಹಾಲುತುಪ್ಪದ ದಿನ ಎಲ್ಲರಿಗಿಂತ ಮೊದಲು ಎದ್ದು ನೀರು ಕಾಯಿಸಿದವನು. ಅಂಥವನಿಗೆ ಅವಳು ಮೋಸ ಮಾಡುತ್ತಿದ್ದಾಳೆ, ಅದೇ ಬಾಯಲ್ಲಿ ಅಪ್ಪನನ್ನು ಬೈಯುತ್ತಿದ್ದಾಳೆ. ಓದುಗರು ಅವಳನ್ನು ದ್ವೇಷಿಸುವುದಿಲ್ಲ, ನಂಬಿ. ಹತ್ತಿರದಿಂದ ನೋಡುತ್ತಾರೆ.

ದುಃಖದ ಬಗ್ಗೆ ಒಂದೇ ಮಾತು. ಮಗಳು ತುಂಬಾ ಅಳುತ್ತಾಳೆ, ಜಾಸ್ತಿ ಯೋಚಿಸುತ್ತಾಳೆ. ಸಾವಿನ ಮನೆಯಲ್ಲಿ ಅಷ್ಟು ಪುರುಸೊತ್ತು ಇರುವುದಿಲ್ಲ. ಶಾಮಿಯಾನದವನಿಗೆ ಹೇಳಬೇಕು, ಬಂದವರಿಗೆ ಕಾಫಿ ಆಗಬೇಕು, ಪಿಂಚಣಿಗೆ ಅರ್ಜಿ ಕೊಡಬೇಕು. ಅವಳಿಗೆ ಕೆಲಸ ಕೊಡಿ, ಅಳು ತಾನಾಗಿ ಎಲ್ಲಿ ಬರಬೇಕೋ ಅಲ್ಲಿ ಬರುತ್ತದೆ.

ಕೊನೆಯ ಅಧ್ಯಾಯ, ಆ ಹೊಳೆ, ಬೇಡ. 1965ರಲ್ಲಿ ಬಂದ ಭೈರಪ್ಪನವರ 'ವಂಶವೃಕ್ಷ' ಇನ್ನೊಮ್ಮೆ ಓದಿ. ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ಇಳಿವಯಸ್ಸಿನಲ್ಲಿ ತಿಳಿಯುತ್ತದೆ, ತಿಳಿದ ಮೇಲೆ ಅವರು ಸುಮ್ನೆ ಕೂರುವುದಿಲ್ಲ, ಆಸ್ತಿ ತಮ್ಮದಲ್ಲ ಅಂತ ಬಿಟ್ಟು ಹೊರಡುತ್ತಾರೆ. ನಿಮ್ಮ ಮಗಳು ಪತ್ರ ನೀರಿಗೆ ಬಿಟ್ಟು ಬೆಂಗಳೂರಿಗೆ ಬಸ್ ಹತ್ತಿದರೆ ಯಾರಿಗೂ ಯಾವ ನಷ್ಟವೂ ಇಲ್ಲ. ಯಾರಾದರೂ ಏನಾದರೂ ಕಳೆದುಕೊಳ್ಳಲೇಬೇಕು.

ಪೂರ್ತಿ ಕಾದಂಬರಿಯನ್ನು ಈಗಲೇ ಮತ್ತೆ ಬರೆಯಬೇಡಿ. ಎರಡು ಅಧ್ಯಾಯ ಸಾಕು. ಒಂದು, ತಿಥಿಯ ಅಡುಗೆಮನೆ, ಅಮ್ಮನ ಕಡೆಯಿಂದ. ಇನ್ನೊಂದು, ವಂಶವೃಕ್ಷಕ್ಕೆ ಗ್ರಾಮಲೆಕ್ಕಿಗರು ಬಂದ ದಿನ. ಮಂಡ್ಯದ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ, ಅದು ಚೆನ್ನಾಗಿದೆ. ಕಳಿಸುವಾಗ ಯೂನಿಕೋಡ್‌ನಲ್ಲಿ ಕಳಿಸಿ, ಈ ಸಲ ನುಡಿ ತಂತ್ರಾಂಶದ ಫೈಲ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗಿದ್ದವು. ಬಂದ ತಕ್ಷಣ ನಾನೇ ಓದುತ್ತೇನೆ.